ಪದ ಬೇಕಿದೆ: ಸಿಎನ್‌ಸಿ ರೌಟರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ. ಸಣ್ಣ ಮರಗೆಲಸದವರು ಸಿಎನ್‌ಸಿ (ಕಂಪ್ಯೂಟರ್ ನ್ಯೂಮೆರಿಕಲ್ ಕಂಟ್ರೋಲ್) ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ, ಕೊಳ್ಳುವಾಗ ಏನೇನು ನೋಡಬೇಕು ಎಂಬ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸದ್ಯಕ್ಕೆ 'ಗಣಕ ನಿಯಂತ್ರಿತ ಕೊರೆಯುವ ಯಂತ್ರ' ಎಂದು ಹಾಕಿದ್ದೇನೆ. ಓದಿದ ಬಡಗಿಯೊಬ್ಬರು 'ಡ್ರಿಲ್ ಮಿಷನ್ನಾ?' ಅಂದರು. ಎಡವಟ್ಟು ಅಲ್ಲೇ ಇದೆ. ಡ್ರಿಲ್ ಬಿಟ್ ಕೆಳಗಿಳಿದು ತೂತು ಮಾಡುತ್ತದೆ, ಅಷ್ಟೆ. ರೌಟರ್ ಬಿಟ್ ಇಳಿದ ಮೇಲೆ ಅಡ್ಡಕ್ಕೆ ಓಡುತ್ತಾ ಪಕ್ಕದ ಅಂಚಿನಿಂದಲೂ ಮರ ತಿನ್ನುತ್ತದೆ. ಇದನ್ನು ಹೇಳುವ ಪದ ಇದೆಯಾ? ಹಲಗೆ ಕೂರಿಸುವ 'ಬೆಡ್'ಗೂ, ಒಂದೊಂದೇ ಸಣ್ಣ ಹೆಜ್ಜೆಯಾಗಿ ತಿರುಗುವ 'ಸ್ಟೆಪರ್ ಮೋಟಾರ್'ಗೂ ಏನಾದರೂ ಹೊಳೆದರೆ ತಿಳಿಸಿ.

*

ದಯವಿಟ್ಟು 'ರೂಟರ್' ಎಂದು ಮಾತ್ರ ಬರೆಯಬೇಡಿ. ವೈ-ಫೈ ಡಬ್ಬಿ ಅಂದುಕೊಳ್ಳುತ್ತಾರೆ. ಅದು ದಾರಿ ಎಂಬರ್ಥದ 'ರೂಟ್'ನಿಂದ ಬಂದದ್ದು. ನಿಮ್ಮ ರೌಟರ್‌ನ ಬೇರು ಬೇರೆ: ಹಂದಿ ಮೂತಿಯಿಂದ ನೆಲ ಕೆದಕುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ಮಾತು.

ನಮ್ಮಲ್ಲೇ 'ರೂವಾರಿ' ಇದ್ದಾನಲ್ಲ! ಶಾಸನಗಳಲ್ಲಿ ಶಿಲ್ಪಿಗೆ, ಅಕ್ಷರ ಕಂಡರಿಸಿದವನಿಗೆ ಇದೇ ಹೆಸರು. ಸದ್ದೂ ಹತ್ತಿರ, ಅರ್ಥವೂ ಹತ್ತಿರ. 'ಗಣಕ ರೂವಾರಿ' ಅನ್ನಿ. ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

*

> 'ಗಣಕ ರೂವಾರಿ' ಅನ್ನಿ

ರೂವಾರಿ ಸಂಸ್ಕೃತದ ರೂಪಕಾರಿಯ ತದ್ಭವ. ಕನ್ನಡದ್ದಲ್ಲ. ಮುಗಿಯಿತು.

ತೋಡು, ಕೊರೆ, ಕೆತ್ತು, ಕೀಸು, ತರಿ ಇಷ್ಟೆಲ್ಲ ಮನೆಯಲ್ಲಿಟ್ಟುಕೊಂಡು ಸಾಲಕ್ಕೆ ಹೊರಡುವುದೇಕೆ? ಕೀಸು, ಉಳಿ ಸೇರಿ ಕೀಸುಳಿ ಆಗಿಲ್ಲವೇ? ಹಾಗೇ ತೋಡುಳಿ. ಕಂಪ್ಯೂಟರಿಗೆ ಎಣ್ಣುಕ. 'ಎಣ್ಣುಕದ ತೋಡುಳಿ' ಎಂದು ಹಾಕಿ.

*

'ಎಣ್ಣುಕದ ತೋಡುಳಿ ಕೊಡಿ' ಎಂದು ಹೋದವನ ಕೈಗೆ ಒಂದು ಉಳಿ ಕೊಟ್ಟು ಕಳಿಸುತ್ತಾರೆ ಅಷ್ಟೆ. ನಾನು ಈ ಯಂತ್ರ ಕೊಂಡವನು, ಹಾಗಾಗಿ ಹೇಳುತ್ತಿದ್ದೇನೆ.

ಮೊದಲು 'ಗಣಕ ನಿಯಂತ್ರಿತ' ತೆಗೆಯಿರಿ. ಲೇಸರ್ ಕಟರೂ ಗಣಕ ನಿಯಂತ್ರಿತವೇ. ಈ ಯಂತ್ರದ ಜೀವ ಇರುವುದು ನಡುವಿನ 'ಎನ್'ನಲ್ಲಿ, ಅಂದರೆ ಅಂಕಿಯಲ್ಲಿ. 1952ರಲ್ಲಿ ಅಮೆರಿಕದ ತಂತ್ರಜ್ಞಾನ ಸಂಸ್ಥೆ ಎಂಐಟಿಯವರು ತೋರಿಸಿದ್ದು ಬರೀ ಎನ್‌ಸಿ ಯಂತ್ರ. ತೂತು ಹೊಡೆದ ಪಟ್ಟಿಯಿಂದ ಅಂಕಿ ಓದುತ್ತಿತ್ತು. ಕಂಪ್ಯೂಟರಿನ 'ಸಿ' ಮುಂದೆ ಬಂದು ಕೂತದ್ದು ಆಮೇಲೆ. ಸುಮ್ನೆ 'ಸಿಎನ್‌ಸಿ ರೌಟರ್' ಎಂದೇ ಇಡಿ. ಕೆಳಗೊಂದು ಸಾಲು ಕೊಡಿ: 'ಅಂಕಿಯಲ್ಲಿ ಕೊಟ್ಟ ದಾರಿ ಹಿಡಿದು, ತಿರುಗುವ ಬಿಟ್‌ನಿಂದ ಹಲಗೆ ಕತ್ತರಿಸುವ, ತೋಡುವ, ಕೆತ್ತುವ ಯಂತ್ರ.'

ಬೆಡ್‌ಗೆ 'ಹಾಸು' ಸಾಕು, ಹಾಸುಗಲ್ಲಿನ ಹಾಸು. ಆದರೆ ಹಾಸಿನ ಅಳತೆ ಬೇರೆ, ಬಿಟ್ ಓಡಾಡುವ ಅಳತೆ ಬೇರೆ ಎಂದು ಕೈಪಿಡಿಯಲ್ಲಿ ಬಿಡಿಸಿ ಬರೆಯಿರಿ. 8×4 ಅಡಿ ಹಲಗೆ ಅಂದರೆ 2440×1220 ಮಿ.ಮೀ. ಹಲಗೆ ಹಾಸಿನ ಮೇಲೆ ಕೂರುತ್ತದೆ, ಬಿಟ್ ಮೂಲೆ ಮುಟ್ಟುವುದಿಲ್ಲ, ಆಗ ತಲೆ ಚಚ್ಚಿಕೊಳ್ಳಬೇಕು.

ಸ್ಟೆಪರ್‌ಗೆ 'ಹೆಜ್ಜೆ ಮೋಟಾರ್'. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ. ಬಿಟ್ ಮೇಲೆ ಭಾರ ಜಾಸ್ತಿ ಬಿದ್ದರೆ ಹೆಜ್ಜೆ ತಪ್ಪುತ್ತದೆ. ತಪ್ಪಿದ್ದು ಮಾಮೂಲಿ ಹೆಜ್ಜೆ ಮೋಟಾರಿಗೆ ಗೊತ್ತೇ ಆಗುವುದಿಲ್ಲ. ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಪಕ್ಕಕ್ಕೆ ಸರಿದಿರುತ್ತದೆ. ನನ್ನ ಒಂದು ಬಾಗಿಲು ಹೀಗೇ ಸೌದೆಯಾಯಿತು. ಸರ್ವೋ ಮೋಟಾರ್ ಎಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತಾ ಹೋಗುತ್ತದೆ, ಬೆಲೆಯೂ ಹೆಚ್ಚು. 'ಹೆಜ್ಜೆ ತಪ್ಪಿತು' ಎಂದರೆ ಇಷ್ಟೂ ಅರ್ಥ ಬಂತು, ಅಲ್ವಾ?

*

ನಿಮಗೆ ಬೇಕಾದಾಗ ಹಾಸು, ಹೆಜ್ಜೆ. ಬೇಡವಾದಾಗ ರೌಟರ್. ಇದ್ಯಾವ ನ್ಯಾಯ? ಹೀಗೇ ಒಂದೊಂದಾಗಿ ಬಿಟ್ಟುಕೊಟ್ಟು ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

ರೂವಾರಿಯನ್ನು ಹೊರಗೆ ಹಾಕಿದವರು ಒಳಗಿರುವವರನ್ನೂ ವಿಚಾರಿಸಿಕೊಳ್ಳಿ. ಬಡಗಿ 'ವರ್ಧಕಿ'ಯಿಂದ ಬಂದವನು. ಅವನ ಗರಗಸ 'ಕ್ರಕಚ'ದಿಂದ. ಅವನು ಮಾಡುವ ಮೇಜು, ಕುರ್ಚಿ ಇನ್ನೂ ದೂರದಿಂದ. ಇವರನ್ನೆಲ್ಲ ಓಡಿಸಿದ ಮೇಲೆ ನಿಮ್ಮ ತೋಡುಳಿ ಹಿಡಿಯುವವರು ಯಾರು?

*

ಎಲ್ಲರಿಗೂ ಧನ್ಯವಾದ. ಪುಟಗಳು ಅಚ್ಚಿಗೆ ಹೋದವು. ತಲೆಬರಹದಲ್ಲಿ 'ಸಿಎನ್‌ಸಿ ರೌಟರ್' ಉಳಿಸಿದೆ. ಒಳಗೆ ಹಾಸು, ಹೆಜ್ಜೆ ಮೋಟಾರ್ ಇವೆ. ತೋಡುಳಿಯನ್ನು ಬಿಡಲು ಮನಸ್ಸಾಗದೆ ಬಿಟ್‌ನ ಚಿತ್ರದ ಕೆಳಗೆ ಹಾಕಿದೆ. ಕಳಿಸುವ ಮುಂಚೆ ಅದೇ ಬಡಗಿಗೆ ಮತ್ತೆ ತೋರಿಸಿದೆ. ತೋಡುಳಿ ಅವರಿಗೆ ತಕ್ಷಣ ಹಿಡಿಸಿತು. ಹಾಸು ಬಂದಲ್ಲಿ ಮಾತ್ರ ನಿಂತು, 'ಬೆಡ್ ತಾನೇ?' ಅಂದರು.

ಬಿಟ್ ಹಿಡಿದು ತಿರುಗಿಸುವ ಸ್ಪಿಂಡಲ್‌ಗೂ ಒಂದು ಪದ ಕೇಳೋಣ ಅಂದುಕೊಂಡಿದ್ದೆ. ಬೇಡ ಬಿಡಿ.