ಕನ್ನಡ ಪದ ಬೇಕು (ತುರ್ತು): ನೌಕಾಪಡೆಯ ಮಿಡ್‌ಶಿಪ್‌ಮನ್

ದಾವಣಗೆರೆಯಿಂದ:
ಬಲ್ಲವರಿಗೆ ನಮಸ್ಕಾರ. ನಮ್ಮ ಓಣಿಯ ಹುಡುಗನೊಬ್ಬ ಕೇರಳದ ಏಳಿಮಲದ ನೌಕಾ ಅಕಾಡೆಮಿಯಲ್ಲಿದ್ದಾನೆ, ಈಗ ಮಿಡ್‌ಶಿಪ್‌ಮನ್, ಅಂದರೆ ಅಧಿಕಾರಿಯಾಗಲು ತರಬೇತಿಯಲ್ಲಿರುವವನು. ನಾಡಿದ್ದು ರಜೆಗೆ ಬರ್ತಾನೆ. ಜಯದೇವ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿಸಲೇಬೇಕಂತ ಹಿರಿಯರ ಹಟ. ಅಂಗಡಿಯವನು ಸಂಜೆಯೊಳಗೆ ಮ್ಯಾಟರ್ ಕೊಡಿ ಅಂತಾನೆ. ‘ನಾವಿಕ’ ಅಂತ ಹಾಕಿಸಿದರೆ ನಡೆಯುತ್ತಾ?

ಚಿತ್ರದುರ್ಗದಿಂದ:
ನಡೆಯೋದಿಲ್ಲ. ಕೋಸ್ಟ್ ಗಾರ್ಡ್‌ನಲ್ಲಿ ನಾವಿಕ ಅನ್ನೋದು ತೀರ ಕೆಳಗಿನ ದರ್ಜೆ. ಅಧಿಕಾರಿಯಾಗಲು ಹೊರಟವನನ್ನು ನೀವೇ ಇಳಿಸಿದ ಹಾಗಾಗುತ್ತೆ. ‘ಕಿರಿದಳವಾಯಿ’ ಅನ್ನಿ. ದಳವಾಯಿ ಅಂದರೆ ಸೇನಾಪತಿ, ದುರ್ಗದ ನಾಯಕರ ಕಾಲದಿಂದ ನಮ್ಮಲ್ಲಿ ಇರುವ ಮಾತು.

ಹರಿಹರದಿಂದ:
‘ದಳ’ ಯಾವಾಗ ಕನ್ನಡವಾಯಿತು ಸ್ವಾಮಿ? ‘ಕಿರಿಯಂಬಿಗ’ ಸಾಕು. ಅಂಬಿಗ ಸಂಸ್ಕೃತದ ‘ಅಂಬು’ (ನೀರು) ಪದದಿಂದ ಬಂತೆಂದು ಯಾರಾದರೂ ವಾದಕ್ಕೆ ಬರುವ ಮೊದಲೇ ಹೇಳಿಬಿಡುತ್ತೇನೆ: ಅಂಬಿ ಅಂದರೆ ದೋಣಿ. ತಮಿಳಿನಲ್ಲೂ ಅದೇ. ಅಂಬಿ, ಅದಕ್ಕೆ ಇಗ. ಮುಗಿಯಿತು.

ದಾವಣಗೆರೆಯಿಂದ, ಇನ್ನೊಬ್ಬರು:
ಮುಗಿದಿಲ್ಲ. ದಳವಾಯಿ ಮುದ್ದಣ್ಣ ದುರ್ಗದ ದೊರೆಗಳನ್ನೇ ಏರಿಸಿ ಇಳಿಸಿದವನು. ಇನ್ನೂ ಕಮಿಷನ್ (ಅಧಿಕಾರಿಯಾಗಿ ನೇಮಕ) ಆಗದ ಹುಡುಗನ ಹೆಗಲಿಗೆ ಆ ಹೆಸರು ಹೊರಿಸುತ್ತೀರಾ?

ಅಂಬಿಗನೂ ಹೊಂದೋದಿಲ್ಲ. ಮಿಡ್‌ಶಿಪ್‌ಮನ್ ಅಂದರೆ ಮೊದಲಿಗೆ ಹಡಗಿನ ನಡುಭಾಗದಲ್ಲಿ ನಿಂತು ಕೆಲಸ ಮಾಡುವ ಪಳಗಿದ ಆಳು. ಇದು 17ನೇ ಶತಮಾನದ ಇಂಗ್ಲೆಂಡಿನ ಮಾತು. 1677ರಲ್ಲಿ ಅಲ್ಲಿನ ನೌಕಾಡಳಿತ ನೋಡಿಕೊಳ್ಳುತ್ತಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಲೆಫ್ಟಿನೆಂಟ್ ಆಗುವವರಿಗೆ ಪರೀಕ್ಷೆ ಇಡಿಸಿದ. ಬರಬರುತ್ತ ಈ ದರ್ಜೆ ಅಧಿಕಾರಿಯಾಗಲು ಬರುವ ಹುಡುಗರದ್ದಾಯಿತು. 1771ರಲ್ಲಿ ಹಡಗು ಹತ್ತಿದಾಗ, ಮುಂದೆ ಹೆಸರಾಂತ ಅಡ್ಮಿರಲ್ ಆದ ನೆಲ್ಸನ್‌ಗೆ ಹನ್ನೆರಡು ವರ್ಷ. ಹೆಸರು ಮಾತ್ರ ಹಳೆಯದೇ ಉಳಿಯಿತು. ‘ನಡುಹಡಗಿಗ’ ಅಂತ ಯಾರಾದರೂ ಶುರು ಮಾಡುವ ಮೊದಲು ಇದು ತಿಳಿದಿರಲಿ.

ಬೇರೆಯವರು ಏನು ಮಾಡಿದರು ನೋಡಿ. ಸ್ಪೇನಿನವರದು ‘ಗ್ವಾರ್ದಿಯಾಮರೀನಾ’, ಕಡಲ ಕಾವಲಿನವನು; 1717ರಲ್ಲಿ ಕಾದಿಸ್‌ನಲ್ಲಿ ಅವರಿಗೊಂದು ತುಕಡಿಯನ್ನೇ ಕಟ್ಟಿದರು. ಫ್ರೆಂಚರು ‘ಆಸ್ಪಿರಾಂ’ ಅಂತಾರೆ, ಅಂದರೆ ಅಭ್ಯರ್ಥಿ. ಜರ್ಮನರ ‘ಫೇನ್‌ರಿಷ್’ ಬಾವುಟ ಹಿಡಿದವನು. ಅಮೆರಿಕದವರು 1862ರಲ್ಲಿ ತಂದ ‘ಎನ್‌ಸೈನ್’ ಕೂಡ ಬಾವುಟದ್ದೇ, ಆದರೆ ಅವನು ಕಮಿಷನ್ ಆದವನು. ಅಲ್ಲಿ ಮಿಡ್‌ಶಿಪ್‌ಮನ್ ಅಂದರೆ ಅಕಾಡೆಮಿಯ ವಿದ್ಯಾರ್ಥಿ. ರಷ್ಯನ್ನರು ಇಂಗ್ಲಿಷಿನದನ್ನೇ ಎತ್ತಿಕೊಂಡು ‘ಮಿಚ್‌ಮನ್’ ಮಾಡಿಕೊಂಡರು. ತ್ಸಾರ್ ಚಕ್ರವರ್ತಿಗಳ ಕಾಲದಲ್ಲಿ ಅವನು ಅಧಿಕಾರಿ, ಈಗಿನ ರಷ್ಯಾದಲ್ಲಿ ಅಧಿಕಾರಿಗಿಂತ ಕೆಳಗಿನ ವಾರಂಟ್ ದರ್ಜೆಯವನು. ಒಂದೇ ಪದ, ಹಡಗು ಬದಲಾದರೆ ಹುದ್ದೆ ಬೇರೆ.

ಆದ್ದರಿಂದ ‘ಮಿಡ್‌ಶಿಪ್‌ಮನ್’ ಅಂತಲೇ ಇರಲಿ. ಕಮಿಷನ್ ಆದಮೇಲೆ ಸಬ್ ಲೆಫ್ಟಿನೆಂಟ್, ಆಗ ಬೇರೆ ಫ್ಲೆಕ್ಸ್ ಮಾಡಿಸಿ.

ಹರಿಹರದಿಂದ:
ರಷ್ಯನ್ನರು ಬಾವಿಗೆ ಬಿದ್ದರೆ ನಾವೂ ಬೀಳಬೇಕೇ? ಇದೇ ರೋಗ. ಗಿರಣಿ ಎಂಬ ಮಾತಿದ್ದರೂ ನಿಮ್ಮೂರಿನವರಿಗೆ ಕಾಟನ್ ಮಿಲ್ಲೇ ಬೇಕಿತ್ತು.

ಚಿತ್ರದುರ್ಗದಿಂದ:
ಗಿರಣಿ ಮರಾಠಿಯಿಂದ ಬಂದದ್ದು.

ಹರಿಹರದಿಂದ:
ಮರಾಠಿಯವರ ಪಕ್ಕದಲ್ಲಿ ನೂರಾರು ವರ್ಷ ಬಾಳಿದ್ದೇವೆ. ಇಂಗ್ಲಿಷಿಗೂ ಅದಕ್ಕೂ ಹೋಲಿಕೆಯೇ?

ಚಿತ್ರದುರ್ಗದಿಂದ:
ಹಾಗಾದರೆ ‘ದಳ’ಕ್ಕೆ ಮಾತ್ರ ಏಕೆ ತಕರಾರು? ಸಂಸ್ಕೃತದ ಜೊತೆ ನಿನ್ನೆ ಮೊನ್ನೆ ಬಾಳಿದ್ದೇವೆಯೇ?

ದಾವಣಗೆರೆಯಿಂದ:
‘ಭಾರತೀಯ ನೌಕಾಪಡೆಯ ಮಿಡ್‌ಶಿಪ್‌ಮನ್’ ಅಂತ ಪ್ರಿಂಟಿಗೆ ಕೊಟ್ಟಾಯಿತು, ಎಲ್ಲರಿಗೂ ಧನ್ಯವಾದ. ಗಿರಣಿ ಜಗಳವನ್ನು ದಯವಿಟ್ಟು ಬೇರೆ ಶೀರ್ಷಿಕೆಯಲ್ಲಿ ನಡೆಸಿ.