ಪ್ರಶ್ನೋತ್ತರ: ಅವನಿಗೇ ಮನಸ್ಸಿಲ್ಲ, ಏನು ಮಾಡೋಣ ಡಾಕ್ಟ್ರೇ?

ಹಾಸನದ ಅಕ್ಕ: ನನ್ನ ತಮ್ಮನಿಗೆ 34 ವರ್ಷ. ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ಬಿಟ್ಟು ಎರಡು ತಿಂಗಳಾಯಿತು. ರಾತ್ರಿ ಎರಡು ಕ್ವಾರ್ಟರ್ ಬೇಕೇ ಬೇಕು. "ಕುಡಿದರೆ ಕಿವಿಯಲ್ಲಿ ಮಾತಾಡೋರು ಸುಮ್ಮನಾಗ್ತಾರೆ" ಅನ್ನುತ್ತಾನೆ. ಬೆಳಿಗ್ಗೆ ಡೈರಿಗೆ ಹಾಲು ಹಾಕೋದು ಮಾತ್ರ ತಪ್ಪಿಸಲ್ಲ. ಬಿಡುವ ಮನಸ್ಸೇ ಇಲ್ಲ ಡಾಕ್ಟ್ರೇ.

ತುಮಕೂರು ಅಣ್ಣ: ಕುಡಿತ ಬಿಡಿಸೋಕೆ ಗೊತ್ತಾಗದ ಹಾಗೆ ಊಟಕ್ಕೆ ಬೆರೆಸುವ ಪುಡಿ ಬರುತ್ತಲ್ಲ, ಕೊಡಬಹುದಾ?

ಡಾಕ್ಟರ್: ಬೇಡ.

ಮೈಸೂರಿನ ತಾಯಿ: ಮಗ ಗಾಂಜಾ ಸೇದುತ್ತಾನೆ. ಒಬ್ಬನೇ ನಗುತ್ತಾನೆ. ಎಲ್ಲಿ ತೋರಿಸಲಿ?

ಡಾಕ್ಟರ್: ಹಾಸನದ ಅಕ್ಕಾ, ಮನಸ್ಸೇ ಇಲ್ಲ ಅಂದಿರಿ. ನನಗೆ ಹಾಗೆ ಕಾಣುತ್ತಿಲ್ಲ. ಯಾಕೆ ಕುಡಿಯುತ್ತೇನೆ ಅಂತ ಅವನೇ ಹೇಳಿದ್ದಾನೆ. ಹಾಲಿನ ಕ್ಯಾನು ಕೈಬಿಟ್ಟಿಲ್ಲ. ಸದ್ಯಕ್ಕೆ ಇವೆರಡೇ ನಮ್ಮ ಬಂಡವಾಳ. ಮಾತ್ರೆ ಯಾಕೆ ಬಿಟ್ಟ ಅಂತ ಕೇಳಿದ್ದೀರಾ? ಮಂಪರು, ಕೈಕಾಲು ಬಿಗಿತ ತಾಳಲಾರದೆ ಬಿಡುವವರು ಜಾಸ್ತಿ. ಮಾತ್ರೆ ಬದಲಿಸಬಹುದು. ಆ ಧ್ವನಿಗೆ ಮದ್ದು ಕೊಡದೆ ಬಾಟಲಿ ಕಿತ್ತುಕೊಂಡರೆ ಅವನು ಏನು ಮಾಡಬೇಕು? ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. "ಮೊದಲು ಕುಡಿತ ಬಿಟ್ಟು ಬಾ" ಅಂತ ಯಾರಾದರೂ ವಾಪಸ್ ಕಳಿಸಿದರೆ ಒಪ್ಪಬೇಡಿ.

ಬುದ್ಧಿವಾದ ನಿಲ್ಲಿಸಿ. ನಾವು ವಾದಿಸಿದಷ್ಟೂ ಅವನು ಕುಡಿತದ ಪರ ವಕೀಲನಾಗುತ್ತಾನೆ. ಬೆಳಿಗ್ಗೆ ಅಮಲಿಲ್ಲದಾಗ ಕೇಳಿ: "ಕಮ್ಮಿ ಮಾಡಬೇಕು ಅಂತ ಹತ್ತಕ್ಕೆ ಎಷ್ಟು ಅನಿಸುತ್ತೆ?" ಮೂರು ಅಂದರೆ "ಬರೀ ಮೂರಾ?" ಅನ್ನಬೇಡಿ. "ಸೊನ್ನೆ ಯಾಕೆ ಅನ್ನಲಿಲ್ಲ?" ಅನ್ನಿ. ಬಿಡೋಕೆ ಇರುವ ಕಾರಣ ಆಗ ಅವನ ಬಾಯಿಂದಲೇ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಶುರು ಮಾಡಿದ ಪದ್ಧತಿಯಿಂದ ಬಂದದ್ದು ಇದು. ಒಂದು ಎಚ್ಚರ: ಕುಡಿತ ಒಮ್ಮೆಗೇ ನಿಲ್ಲಿಸಬೇಡಿ.

ಗದಗದ ಮೇಷ್ಟ್ರು: ಇದೆಲ್ಲ ಕೊಬ್ಬು. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಮುಟ್ಟುತ್ತಾರಾ? ಮನಸ್ಸು ಮಾಡಿದರೆ ಆಗುತ್ತೆ.

ಶಿರಸಿ ಅಕ್ಕ: 42ನೇ ದಿನದ ಕಥೆ ಹೇಳಿ ಮೇಷ್ಟ್ರೇ. ನಮ್ಮನೆಯವರು ಮಾಲೆ ತೆಗೆದ ಸಂಜೆಯೇ ಬಾರಿನಲ್ಲಿದ್ದರು.

ಮೇಷ್ಟ್ರು: ಅದು ನಿಮ್ಮ ಮನೆ ವಿಷಯ.

ಶಿರಸಿ ಅಕ್ಕ: ಮನೆ ವಿಷಯ ಹೇಳೋಕೇ ಅಲ್ವಾ ಇಲ್ಲಿರೋದು? ನಿಮ್ಮ ಪಾಠ ಶಾಲೆಯಲ್ಲಿರಲಿ.

ತುಮಕೂರು ಅಣ್ಣ: "ನಿಂಬೆರಸ, ಜೇನು, 7 ದಿನ. ಕುಡಿತ ಮಾಯ! ಹತ್ತು ಜನಕ್ಕೆ ಕಳಿಸಿ." ಬಂದದ್ದನ್ನೇ ಹಾಕಿದ್ದೇನೆ. ಆ ಪುಡಿ ಬಗ್ಗೆ ಹೇಳಲಿಲ್ಲ ಸಾರ್.

ಡಾಕ್ಟರ್: ಹೇಳಿದ್ದೇನೆ. ಅದರಲ್ಲಿ ಡೈಸಲ್ಫಿರಾಂ (ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಮದ್ದು) ಇದ್ದು, ಆತನಿಗೆ ತಿಳಿಯದೆ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವ ಹೋಗಬಹುದು. "ಊಟದಲ್ಲಿ ಏನೋ ಹಾಕ್ತಾರೆ" ಅಂತ ಅನುಮಾನಪಡುವ ರೋಗಿಗೆ ನೀವು ನಿಜವಾಗಿಯೂ ಹಾಕುತ್ತೀರಾ? ನಿಂಬೆರಸ ಶರಬತ್ತಿಗಿರಲಿ. ಮೇಷ್ಟ್ರೇ, ಮಾಲೆ ಹಾಕಿದಾಗ ಗುರುಸ್ವಾಮಿ, ಭಜನೆ, ಜೊತೆಗಾರರು ಇರುತ್ತಾರೆ. ಆಮೇಲೆ ಯಾರಿರುತ್ತಾರೆ?

ಹಾಸನದ ಅಕ್ಕ: ಡಾಕ್ಟ್ರೇ, ಮೊನ್ನೆಯೇ ನಮ್ಮಣ್ಣ ಬಾಟಲಿ ಒಡೆದು ಇವನನ್ನು ಕೋಣೆಗೆ ಹಾಕಿ ಬೀಗ ಜಡಿದಿದ್ದಾನೆ. ಈಗ ಕೈ ನಡುಗುತ್ತಿದೆ. ಮೈಯೆಲ್ಲ ಬೆವರು. ಗೋಡೆಯಲ್ಲಿ ಇರುವೆ ಅಂತ ಒರೆಸುತ್ತಿದ್ದಾನೆ, ಒಂದೂ ಇಲ್ಲ. ಹಳೇ ಕಾಯಿಲೆಯೇ ಅಲ್ವಾ?

ಡಾಕ್ಟರ್: ಅಲ್ಲ ಅಂದುಕೊಂಡೇ ಹೊರಡಿ. ದಿಢೀರ್ ನಿಲ್ಲಿಸಿದರೆ 2-3ನೇ ದಿನ ಹೀಗಾಗುತ್ತದೆ. ಫಿಟ್ಸ್ ಬರಬಹುದು. ಬೀಗ ತೆಗೆಯಿರಿ. 108ಕ್ಕೆ ಫೋನ್ ಮಾಡಿ, ಜಿಲ್ಲಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ. ಕುಡಿತ ನಿಂತು ಎಷ್ಟು ಹೊತ್ತಾಯಿತು ಅಂತ ಮೊದಲು ಹೇಳಿ. ಟೈಪ್ ಮಾಡ್ತಾ ಕೂರಬೇಡಿ.

ತುಮಕೂರು ಅಣ್ಣ: ಅಂದರೆ ಪುಡಿ ಬೇಡವೇ ಬೇಡ ಅಂತೀರಾ?

ಮೈಸೂರಿನ ತಾಯಿ: ನನ್ನ ಪ್ರಶ್ನೆ ಮೇಲೆಯೇ ಉಳಿದಿದೆ.

ಶಿರಸಿ ಅಕ್ಕ: ಡಾಕ್ಟ್ರು ಆಫ್‌ಲೈನ್ ಆದರು ಅಮ್ಮಾ. 14416ಕ್ಕೆ ಮಾಡಿ ನೋಡಿ, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡ್ತಾರೆ.