ಅಪ್‌ಡೇಟ್: ಅಕ್ಕನಿಗೆ ಕಳಿಸಿದ ಕಿನ್ಹಾಳ ಗರುಡ ಕೊನೆಗೂ ಮುಟ್ಟಿತು

ಹೋದ ತಿಂಗಳು ಕೇಳಿದ್ದೆನಲ್ಲ, ಕೊಪ್ಪಳದಿಂದ ಇಂಗ್ಲೆಂಡಿನ ಅಕ್ಕನಿಗೆ ಅಂಚೆಯಲ್ಲಿ ಕಳಿಸಿದ ಕಿನ್ಹಾಳದ ಮರದ ಗರುಡ ಗೊಂಬೆ ಅಲ್ಲಿನ ಕಸ್ಟಮ್ಸ್‌ನಲ್ಲಿ ನಿಂತುಬಿಟ್ಟಿದೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಆಗ ಒಂದು ಮಾತು ಹೇಳಿರಲಿಲ್ಲ. ಗೊಂಬೆಗೆ ಕೊಟ್ಟಿದ್ದು 6,500 ರೂಪಾಯಿ, ಪಾರ್ಸೆಲ್ ಜೊತೆ ಕಸ್ಟಮ್ಸ್‌ಗಾಗಿ ತುಂಬುವ ಸಿಎನ್23 ಫಾರ್ಮಿನಲ್ಲಿ ಬರೆದಿದ್ದು 1,500. "ಗಿಫ್ಟ್ ಅಲ್ವಾ, ಕಡಿಮೆ ಬರಿ" ಎಂದು ಪರಿಚಯದವರೊಬ್ಬರು ಹೇಳಿದ್ದರು. ಬೆಲೆಗೆ ಪುರಾವೆ ಕೇಳಿದಾಗ ಅಕ್ಕ ಗಾಬರಿಯಾದಳು. ನಿಮ್ಮಲ್ಲೊಬ್ಬರು ಹೇಳಿದಂತೆ ನಿಜವಾದ ಬಿಲ್, ಯುಪಿಐ ರಸೀದಿ, ತಪ್ಪು ಒಪ್ಪಿಕೊಂಡ ಪತ್ರ ಕಳಿಸಿದೆವು. 9ನೇ ದಿನ ಪಾರ್ಸೆಲ್ ಬಿಟ್ಟರು.

ಬ್ರಿಟನ್ನಿನಲ್ಲಿ ಗಿಫ್ಟ್‌ಗೆ 39 ಪೌಂಡ್‌ವರೆಗೆ ಮಾತ್ರ ವ್ಯಾಟ್ ಇಲ್ಲ. ನಮ್ಮದು ಅದಕ್ಕಿಂತ ಜಾಸ್ತಿ. ಶೇ. 20 ವ್ಯಾಟ್, ಜೊತೆಗೆ ಹ್ಯಾಂಡ್ಲಿಂಗ್ ಶುಲ್ಕ ಕಟ್ಟಿದಳು. ಬೆಲೆ 135 ಪೌಂಡ್ ದಾಟದ ಕಾರಣ ಆಮದು ಸುಂಕ ಬೀಳಲಿಲ್ಲ.

ದುಡ್ಡಿಗಿಂತ ನನಗೆ ನೋವಾದದ್ದು ಬೇರೆ. ಹಗುರ ಮರ ಕೆತ್ತಿ, ಅಷ್ಟು ನಾಜೂಕಾಗಿ ಬಣ್ಣ ಹಚ್ಚಿದ ಚಿತ್ರಗಾರರ ಕೆಲಸಕ್ಕೆ ನಾನೇ 1,500 ಎಂದು ಬರೆದಿದ್ದೆ. ದಾರಿಯಲ್ಲಿ ಕಳೆದಿದ್ದರೆ ಪರಿಹಾರ ಕೇಳಲೂ ಆ ಬೆಲೆಯೇ ಅಡ್ಡ ಬರುತ್ತಿತ್ತು.

ದೀಪಾವಳಿಗೆ ಇನ್ನೊಂದು ಕಳಿಸುತ್ತಿದ್ದೇನೆ. ಈ ಸಲ ಬಿಲ್ಲಿನ ನಕಲನ್ನು ಪೆಟ್ಟಿಗೆಯ ಹೊರಗೇ ಅಂಟಿಸುತ್ತೇನೆ.